ಕಣ್ಣು ಮೊದಲು ಎಲ್ಲಿಗೆ ಹೋಯಿತು?

(ಫೋಟೋಗ್ರಫಿ ಕಲಿಯುತ್ತಿರುವವರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸಭೆಯಿಂದ ಬಂದ ಮಾತುಗಳನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲೆ ಒಂದು ಫೋಟೋ ಇದೆ, ನೋಡಿ. ಇದನ್ನು ತೆಗೆದವರು ನಿಮ್ಮ ಜೊತೆಯಲ್ಲೇ ಕೂತಿದ್ದಾರೆ. ಎಲ್ಲರ ಮುಂದೆ ತೋರಿಸಬಹುದಾ ಅಂತ ಮೊದಲೇ ಕೇಳಿದ್ದೆ, ಒಪ್ಪಿಕೊಂಡರು. ವಯಸ್ಸಾದವರೊಬ್ಬರು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಮಡಿಲಲ್ಲಿ ಪೇಪರ್ ಹರಡಿದೆ. ಈಗ ಇಪ್ಪತ್ತು ಸೆಕೆಂಡ್ ಯಾರೂ ಏನೂ ಹೇಳಬೇಡಿ. ಸುಮ್ನೆ ನೋಡಿ.

ಆಯಿತು. ಹೇಗಿದೆ ಫೋಟೋ?

(ಒಬ್ಬರು "ಸೂಪರ್ ಆಗಿದೆ" ಅಂದರು. ಇನ್ನೊಬ್ಬರು "ಅಂಡರ್ ಎಕ್ಸ್‌ಪೋಸ್ ಆಗಿದೆ", ಅಂದರೆ ಬೆಳಕು ಸಾಲದೆ ಕಪ್ಪಾಗಿದೆ ಅಂದರು. ಮುಂದಿನ ಸಾಲಿನವರೊಬ್ಬರು "ರೂಲ್ ಆಫ್ ಥರ್ಡ್ಸ್ ಪಾಲಿಸಿಲ್ಲ, ಸಬ್ಜೆಕ್ಟ್ ನಟ್ಟನಡುವೆ ಇದೆ" ಅಂದರು. ಚೌಕಟ್ಟನ್ನು ಮೂರು ಪಾಲು ಮಾಡಿ, ಮುಖ್ಯವಾದದ್ದನ್ನು ನಡುವೆ ಇಡದೆ ಆ ಪಾಲಿನ ಗೆರೆಯ ಮೇಲೆ ಇಡಬೇಕು ಅನ್ನುವುದು ಆ ರೂಲ್.)

ಮೂವರೂ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದಿರಿ. ಆದರೆ ತೆಗೆದವರ ಜಾಗದಲ್ಲಿ ಒಂದು ನಿಮಿಷ ಕೂತು ನೋಡಿ. ನಾಳೆ ಬೆಳಗ್ಗೆ ಕ್ಯಾಮೆರಾ ಕೈಗೆತ್ತಿಕೊಂಡಾಗ ಅವರು ಏನನ್ನು ಬೇರೆ ಥರ ಮಾಡಬೇಕು? "ಸೂಪರ್" ಅಂದದ್ದರಿಂದ ಗೊತ್ತಾಗುವುದಿಲ್ಲ. "ಅಂಡರ್" ಅಂದದ್ದರಿಂದಲೂ ಗೊತ್ತಾಗುವುದಿಲ್ಲ. ಏಕೆಂದರೆ ಕಿಟಕಿ ಉರಿಯುವಷ್ಟು ಬೆಳ್ಳಗಿದೆ, ಮುಖ ಕಪ್ಪಗಿದೆ. ಹಾಗಾದರೆ ಅಂಡರ್ ಆಗಿರುವುದು ಯಾವುದು?

ತಪ್ಪು ನಿಮ್ಮದಲ್ಲ, ನಾನು ಕೇಳಿದ ಪ್ರಶ್ನೆಯದು. "ಹೇಗಿದೆ" ಅಂತ ಕೇಳಿದರೆ ಎಲ್ಲರೂ ಮಾರ್ಕ್ಸ್ ಕೊಡುತ್ತಾರೆ. ಪ್ರಶ್ನೆ ಬದಲಿಸುತ್ತೇನೆ. ಈ ಫೋಟೋ ಪರದೆಗೆ ಬಂದ ಕೂಡಲೇ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು?

("ಕಿಟಕಿಗೆ" ಎಂದು ಏಳೆಂಟು ಜನ ಒಟ್ಟಿಗೆ ಹೇಳಿದರು. "ಎಡಗಡೆ ಮೂಲೆಯಲ್ಲಿರುವ ಬಿಳಿ ಬಕೆಟ್‌ಗೆ" ಎಂದರು ಒಬ್ಬರು. "ಮುಖವನ್ನು ಹುಡುಕಬೇಕಾಯಿತು" ಎಂದರು ಇನ್ನೊಬ್ಬರು.)

ನೋಡಿದಿರಾ, ಈಗ ಅವರ ಕೈಗೆ ಏನೋ ಸಿಕ್ಕಿತು. ಈ ಮಾತು ಅವರಿಗೆ ಬೇರೆಲ್ಲೂ ಸಿಗುವುದಿಲ್ಲ. ಫೋಟೋ ತೆಗೆದವರಿಗೆ ತಮ್ಮ ಫೋಟೋವನ್ನು ಹೊಸದಾಗಿ ನೋಡಲು ಆಗುವುದೇ ಇಲ್ಲ. ಅವರು ಆ ಕೋಣೆಯಲ್ಲಿ ನಿಂತಿದ್ದವರು. ಅಲ್ಲಿದ್ದವರ ದನಿ, ಆ ಹೊತ್ತಿನ ಬಿಸಿಲು, ಪೇಪರ್ ಮಗುಚಿದ ಸದ್ದು ಎಲ್ಲವೂ ಅವರ ನೆನಪಲ್ಲಿದೆ. ಆ ನೆನಪು ಫೋಟೋದ ಒಳಗಿದೆ ಅಂತಲೇ ಅವರಿಗೆ ಅನಿಸುತ್ತದೆ. ನಮಗೆ ಸಿಗುವುದು ಚೌಕಟ್ಟಿನೊಳಗೆ ಬಿದ್ದ ಬೆಳಕು ಮಾತ್ರ. ನಮ್ಮ ಅಭಿಪ್ರಾಯಕ್ಕೆ ಬೆಲೆ ಇರುವುದು ನಾವು ಅಲ್ಲಿ ಇರಲಿಲ್ಲ ಅನ್ನುವ ಕಾರಣಕ್ಕೇ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಚೌಕಟ್ಟಿನಲ್ಲಿ ಯಾವುದು ಎಲ್ಲಿರಬೇಕು ಅನ್ನುವ ಕಾಂಪೊಸಿಷನ್ ಬೇರೆ, ಎಷ್ಟು ಬೆಳಕು ಬಿಡಬೇಕು ಅನ್ನುವ ಎಕ್ಸ್‌ಪೋಶರ್ ಬೇರೆ ಅಂತ ಎರಡು ಪಾಠ ಮಾಡಿ ಕಲಿಸುತ್ತಾರೆ. ಕಲಿಸುವುದಕ್ಕೆ ಅದು ಸರಿ. ನೋಡುವಾಗ ಎರಡೂ ಒಂದೇ. ಕಣ್ಣು ಬೆಳಕಿನ ಕಡೆಗೆ ಓಡುತ್ತದೆ. ಸುತ್ತ ಕತ್ತಲಿದ್ದು ಒಂದು ಕಡೆ ಬೆಳ್ಳಗಿದ್ದರೆ ಅಲ್ಲಿಗೇ ಮೊದಲ ಓಟ. ಆಮೇಲೆ ಮುಖಗಳಿಗೆ, ಅಕ್ಷರಗಳಿಗೆ, ಫೋಕಸ್ ಚೆನ್ನಾಗಿರುವ ಜಾಗಕ್ಕೆ. ಮೂಲೆಯ ಆ ಬಕೆಟ್ ಬೂದು ಬಣ್ಣದ್ದಾಗಿದ್ದರೆ ನಾವು ಯಾರೂ ಅದರ ಬಗ್ಗೆ ಮಾತಾಡುತ್ತಲೇ ಇರಲಿಲ್ಲ. ಅದು ಇರುವ ಜಾಗ ಕಾಂಪೊಸಿಷನ್‌ನ ವಿಷಯ, ಅದರ ಬಿಳುಪು ಎಕ್ಸ್‌ಪೋಶರ್‌ನ ವಿಷಯ. ನಮ್ಮನ್ನು ಎಳೆದದ್ದು ಎರಡೂ ಸೇರಿ. ಅಭಿಪ್ರಾಯ ಹೇಳುವಾಗಲೂ ಇವನ್ನು ಒಟ್ಟಿಗೇ ಇಟ್ಟುಕೊಳ್ಳಿ.

ಒಂದು ಸಣ್ಣ ಉಪಾಯ ಇದೆ. ಕಣ್ಣು ಅರ್ಧ ಮುಚ್ಚಿ, ಕಿರಿದು ಮಾಡಿಕೊಂಡು ಫೋಟೋ ನೋಡಿ. ವಿವರಗಳೆಲ್ಲ ಕರಗಿ ಬೆಳಕು ಕತ್ತಲೆಯ ದೊಡ್ಡ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಫೋಟೋವನ್ನು ತಲೆಕೆಳಗು ಮಾಡಿ ನೋಡಿದರೂ ಹೀಗೇ ಆಗುತ್ತದೆ. ಆಗ ಅದು ಅಜ್ಜನೂ ಅಲ್ಲ, ಕಿಟಕಿಯೂ ಅಲ್ಲ, ಬರೀ ಆಕಾರಗಳು. ಯಾವ ಆಕಾರಕ್ಕೆ ತೂಕ ಜಾಸ್ತಿ ಅಂತ ಥಟ್ಟನೆ ಕಾಣುತ್ತದೆ.

ಈಗ ತೆಗೆದವರನ್ನೇ ಕೇಳೋಣ. ಶಟರ್ ಒತ್ತಿದಾಗ ನೀವು ಅಲ್ಲಿ ಏನನ್ನು ನೋಡುತ್ತಿದ್ದಿರಿ?

("ತಾತನ ಕೈ," ಎಂದರು ಅವರು. "ಭೂತಗನ್ನಡಿ ಹಿಡಿದುಕೊಂಡು ಒಂದೊಂದೇ ಸಾಲು ಓದ್ತಾ ಇದ್ರು. ಕೈ ಸ್ವಲ್ಪ ನಡುಗ್ತಾ ಇತ್ತು.")

ಭೂತಗನ್ನಡಿ ಇದೆ ಅಂತ ಎಷ್ಟು ಜನ ಗಮನಿಸಿದ್ದಿರಿ? ಕೈ ಎತ್ತಿ. ಇಬ್ಬರು. ಇಲ್ಲಿ ಸುಮಾರು ಐವತ್ತು ಜನ ಇದ್ದೀವಿ.

ಈಗ ನಮ್ಮ ಅಭಿಪ್ರಾಯಕ್ಕೆ ಒಂದು ದಿಕ್ಕು ಬಂತು. ಅವರು ತೋರಿಸಬೇಕು ಅಂದುಕೊಂಡದ್ದು ಕೈ, ನಾವು ನೋಡಿದ್ದು ಕಿಟಕಿ. ನಾವು ಕೆಲಸ ಮಾಡಬೇಕಾದದ್ದು ಈ ಎರಡರ ನಡುವಿನ ಅಂತರದಲ್ಲಿ. ಕೇಳದೇ ಹೋಗಿದ್ದರೆ ನಾನು "ಮುಖಕ್ಕೆ ಇನ್ನಷ್ಟು ಬೆಳಕು ಬೇಕು" ಅಂತ ಉದ್ದಕ್ಕೆ ಹೇಳಿಬಿಡುತ್ತಿದ್ದೆ. ಅವರಿಗೆ ಬೇಕಾಗಿದ್ದದ್ದು ಮುಖವೇ ಅಲ್ಲ. ಉದ್ದೇಶ ಕೇಳದೆ ಕೊಟ್ಟ ಸಲಹೆ ಎಷ್ಟೇ ಸರಿಯಿದ್ದರೂ ನಮ್ಮ ಫೋಟೋದ ಸಲಹೆಯಾಗುತ್ತದೆ, ಅವರ ಫೋಟೋದ್ದಾಗುವುದಿಲ್ಲ.

ಇದು ನನಗೆ ಅನುಭವದಿಂದಲೇ ಗೊತ್ತು. ಕಲಿಯುವ ಕಾಲದಲ್ಲಿ ಒಂದು ಫೋಟೋವನ್ನು ಇಬ್ಬರು ಹಿರಿಯರಿಗೆ ತೋರಿಸಿದ್ದೆ. ಒಬ್ಬರು "ಚೆನ್ನಾಗಿದೆ, ಆದ್ರೆ ಏನೋ ಕಮ್ಮಿ ಇದೆ" ಅಂದರು. ಆ "ಏನೋ" ಅನ್ನುವುದು ತಿಂಗಳುಗಟ್ಟಲೆ ನನ್ನ ತಲೆಯಲ್ಲಿ ಕೊರೆಯಿತು. ಏನು ಮಾಡಬೇಕು ಅಂತ ತಿಳಿಯದೆ ಲೆನ್ಸ್ ಬದಲಿಸುವುದಾ ಅಂತಲೂ ಯೋಚಿಸಿದ್ದೆ. ಇನ್ನೊಬ್ಬರು ಏನೂ ಹೇಳಲಿಲ್ಲ. ಪ್ರಿಂಟ್‌ನ ಬಲಗಡೆಯ ಅಂಚನ್ನು ಅಂಗೈಯಿಂದ ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು. ಅಲ್ಲೊಂದು ಬಿಳಿ ಕಂಬ ಇತ್ತು. ಮುಚ್ಚಿದಾಗ ಫೋಟೋ ಉಸಿರಾಡಿತು. ಅಷ್ಟೇ. ಅವತ್ತಿನಿಂದ ಶಟರ್ ಒತ್ತುವ ಮುಂಚೆ ನಾಲ್ಕೂ ಅಂಚುಗಳ ಮೇಲೆ ಒಂದು ಸಲ ಕಣ್ಣಾಡಿಸುವ ಅಭ್ಯಾಸ ನನಗೆ ಬಂತು.

ಅಂಚಿನ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಬೇಕು. ಬಹಳಷ್ಟು ಫೋಟೋಗಳ ತೊಂದರೆ ಅಲ್ಲೇ ಇರುತ್ತದೆ. ತೆಗೆಯುವಾಗ ನಮ್ಮ ಗಮನವೆಲ್ಲ ನಡುವಿನಲ್ಲಿರುತ್ತದೆ, ಅಂಚಿನಲ್ಲಿ ಏನು ನುಸುಳಿತು ಅಂತ ಗೊತ್ತಾಗುವುದಿಲ್ಲ. ಡೊರೊತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ವಲಸೆ ತಾಯಿಯ ಫೋಟೋವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಆ ತಾಯಿ ಕೆನ್ನೆಗೆ ಕೈ ಕೊಟ್ಟು ದೂರ ನೋಡುತ್ತಿದ್ದಾಳೆ, ಮಕ್ಕಳು ಮುಖ ತಿರುಗಿಸಿಕೊಂಡು ಅವಳಿಗೆ ಒರಗಿದ್ದಾರೆ. ಮೂಲ ನೆಗೆಟಿವ್‌ನಲ್ಲಿ ಕೆಳಗಡೆ ಬಲ ಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳು ಇತ್ತು. ಅದು ಲ್ಯಾಂಗ್ ಅವರಿಗೆ ಎಷ್ಟು ಚುಚ್ಚಿತೆಂದರೆ ಕೆಲವು ವರ್ಷದ ಮೇಲೆ ನೆಗೆಟಿವ್‌ನಲ್ಲೇ ಅದನ್ನು ಮಸುಕು ಮಾಡಿಸಿದರು. ಅವರು ಕೆಲಸ ಮಾಡುತ್ತಿದ್ದ ಸರ್ಕಾರಿ ಯೋಜನೆಯ ಮುಖ್ಯಸ್ಥರಿಗೆ ಅದು ಹಿಡಿಸಲಿಲ್ಲ, ದಾಖಲೆಯನ್ನು ತಿದ್ದಬಾರದು ಅಂತ ಅವರ ವಾದ. ಯಾರು ಸರಿ ಅನ್ನುವುದು ಬೇರೆ ಚರ್ಚೆ. ನಾನು ಹೇಳಲು ಬಂದದ್ದು ಇಷ್ಟು. ಅಂಥ ಫೋಟೋದಲ್ಲೂ ಮೂಲೆಯ ಒಂದು ಬೆರಳು ತೆಗೆದವರ ನಿದ್ದೆ ಕೆಡಿಸಿತ್ತು. ಹಾಗಾಗಿ ನೀವು ಅಂಚಿನ ಬಕೆಟ್ ತೋರಿಸಿದರೆ ಅದು ಸಣ್ಣತನ ಅಂತ ಯಾರೂ ಅಂದುಕೊಳ್ಳಬೇಕಾಗಿಲ್ಲ.

ಇನ್ನು ರೂಲ್ ಆಫ್ ಥರ್ಡ್ಸ್. ಚೌಕಟ್ಟನ್ನು ಮೂರು ಪಾಲು ಮಾಡುವ ಈ ಮಾತನ್ನು 1797ರಲ್ಲಿ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ ಬರೆದಿಟ್ಟ. ಆಗಿನ್ನೂ ಕ್ಯಾಮೆರಾದಲ್ಲಿ ತೆಗೆದ ಫೋಟೋ ಅನ್ನುವುದೇ ಇರಲಿಲ್ಲ. ಆಕಾಶ, ನೆಲ, ಬೆಳಕು, ನೆರಳು ಇವನ್ನು ಸಮಸಮ ಹಂಚಿದರೆ ಚಿತ್ರ ಸಪ್ಪೆಯಾಗುತ್ತದೆ, ಒಂದಕ್ಕೆ ಹೆಚ್ಚು ಪಾಲು ಕೊಡಿ ಅನ್ನುವುದು ಅವನ ಯೋಚನೆ. ಒಳ್ಳೆಯ ಯೋಚನೆ. ಆದರೆ "ರೂಲ್ ಪಾಲಿಸಿಲ್ಲ" ಅಂದರೆ ಕಾರಣ ಹೇಳಿದಂತಾಗಲಿಲ್ಲ. "ಆಕಾಶಕ್ಕೆ ಅರ್ಧ ಜಾಗ ಕೊಟ್ಟಿದ್ದೀರಿ, ಅಲ್ಲಿ ನೋಡಲು ಏನೂ ಇಲ್ಲ, ಕ್ಯಾಮೆರಾ ಸ್ವಲ್ಪ ಕೆಳಗೆ ಬಾಗಿಸಿದ್ದರೆ ಆ ದಾರಿ ಇನ್ನೂ ಉದ್ದ ಕಾಣುತ್ತಿತ್ತು" ಅನ್ನಿ. ರೂಲ್‌ನ ಹೆಸರೇ ಎತ್ತದೆ ಅದರ ಒಳಗಿರುವ ಕಾರಣವನ್ನು ಹೇಳಿದಿರಿ.

ಆರ್ನಾಲ್ಡ್ ನ್ಯೂಮನ್ 1946ರಲ್ಲಿ ಸಂಗೀತ ಸಂಯೋಜಕ ಸ್ಟ್ರಾವಿನ್‌ಸ್ಕಿಯ ಫೋಟೋ ತೆಗೆದರು. ಚೌಕಟ್ಟಿನ ಬಹುಪಾಲು ಪಿಯಾನೋದ ತೆರೆದ ಕಪ್ಪು ಮುಚ್ಚಳ ಮತ್ತು ಖಾಲಿ ಗೋಡೆ. ಸಂಯೋಜಕ ಕೆಳಗಡೆ ಎಡ ಮೂಲೆಯಲ್ಲಿ ಪುಟ್ಟದಾಗಿ ಕೂತಿದ್ದಾರೆ. "ಸಬ್ಜೆಕ್ಟ್ ಚಿಕ್ಕದಾಯಿತು, ಮೂಲೆಗೆ ಹೋಯಿತು" ಅಂತ ಯಾರಾದರೂ ಹೇಳಬಹುದು. ಆದರೆ ಆ ಮುಚ್ಚಳದ ಆಕಾರ ಪಾಶ್ಚಾತ್ಯ ಸಂಗೀತದ ಬರಹದಲ್ಲಿ ಸ್ವರ ಇಳಿಸಲು ಬರೆಯುವ ಫ್ಲ್ಯಾಟ್ ಚಿಹ್ನೆಯ ಹಾಗಿದೆ. ಅದು ಆ ಮನುಷ್ಯನ ಬದುಕನ್ನೇ ಹೇಳುತ್ತದೆ. ಇನ್ನೂ ಒಂದು ಸಂಗತಿ. ಪೂರ್ತಿ ನೆಗೆಟಿವ್‌ನಲ್ಲಿ ಸುತ್ತ ಬೇಕಾದಷ್ಟು ಹೆಚ್ಚುವರಿ ಜಾಗ ಇತ್ತು, ಆ ಬಿಗಿ ಬಂದದ್ದು ಅಂಚು ಕತ್ತರಿಸಿ ಕ್ರಾಪ್ ಮಾಡಿದ ಮೇಲೆ. ಹಾಗಾಗಿ ಯಾರದಾದರೂ ಫೋಟೋ ಸಡಿಲವಾಗಿ ಕಂಡರೆ ರಟ್ಟಿನಲ್ಲಿ ಎಲ್ ಆಕಾರದ ಎರಡು ತುಂಡು ಕತ್ತರಿಸಿಕೊಂಡು ಪ್ರಿಂಟ್ ಮೇಲೆ ಇಟ್ಟು, ಆಚೆ ಈಚೆ ಸರಿಸಿ ತೋರಿಸಿ. ಬಾಯಲ್ಲಿ ಹತ್ತು ನಿಮಿಷ ಹೇಳುವುದು ಒಂದೇ ನಿಮಿಷದಲ್ಲಿ ಕಾಣುತ್ತದೆ.

ಕ್ರಾಪ್‌ನಿಂದ ಸರಿಯಾಗದ ವಿಷಯಗಳೂ ಇವೆ. ತಲೆಯ ಮೇಲೆ ಮರ ಬೆಳೆದ ಹಾಗೆ ಕಾಣುವುದು, ಇಬ್ಬರು ಒಬ್ಬರ ಮೇಲೊಬ್ಬರು ಅಂಟಿಕೊಂಡ ಹಾಗೆ ಕಾಣುವುದು. ಇದಕ್ಕೆ ಜೂಮ್ ಮಾಡಿದರೂ ಪ್ರಯೋಜನ ಇಲ್ಲ. ಯಾವುದರ ಹಿಂದೆ ಯಾವುದು ಬರುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಕ್ಯಾಮೆರಾ ಇರುವ ಜಾಗ, ಲೆನ್ಸ್ ಅಲ್ಲ. ಅದಕ್ಕೇ ನನ್ನ ಸಲಹೆಗಳು ಹೆಚ್ಚಾಗಿ ಕಾಲಿಗೆ ಸಂಬಂಧಿಸಿದವು. ಅರ್ಧ ಹೆಜ್ಜೆ ಎಡಕ್ಕೆ. ಮೊಣಕಾಲೂರಿ. ಒಂದು ಮೆಟ್ಟಿಲು ಹತ್ತಿ. "ಬ್ಯಾಕ್‌ಗ್ರೌಂಡ್ ಕ್ಲೀನ್ ಇಲ್ಲ" ಅಂತ ಕೇಳಿಸಿಕೊಂಡವರು ಪೆಚ್ಚಾಗುತ್ತಾರೆ. "ಅರ್ಧ ಹೆಜ್ಜೆ ಎಡಕ್ಕೆ ನಿಂತಿದ್ದರೆ ಆ ಕಂಬ ಬೆನ್ನ ಹಿಂದೆ ಅಡಗುತ್ತಿತ್ತು" ಅಂತ ಕೇಳಿಸಿಕೊಂಡವರು ಮತ್ತೆ ಅಲ್ಲಿಗೇ ಹೋಗಬೇಕು ಅಂದುಕೊಳ್ಳುತ್ತಾರೆ.

ಎಕ್ಸ್‌ಪೋಶರ್‌ಗೆ ಬರೋಣ. ಇಲ್ಲಿ ಅಭಿಪ್ರಾಯ ಹೇಳುವವರು ಮೊದಲು ತಮ್ಮ ಪರದೆಯನ್ನು ಅನುಮಾನಿಸಬೇಕು. ಮೊಬೈಲ್‌ನ ಬ್ರೈಟ್‌ನೆಸ್ ಇಳಿಸಿಕೊಂಡು ಕೂತವರಿಗೆ ಎಲ್ಲ ಫೋಟೋನೂ ಕತ್ತಲೇ. ಫೈಲ್ ಸಿಕ್ಕರೆ ಹಿಸ್ಟೋಗ್ರಾಮ್ ನೋಡಿ. ಯಾವ ಮಟ್ಟದ ಬೆಳಕು ಫೋಟೋದಲ್ಲಿ ಎಷ್ಟಿದೆ ಅಂತ ತೋರಿಸುವ ನಕ್ಷೆ ಅದು, ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು. ಜೆಪೆಗ್ ಫೈಲ್‌ನಲ್ಲಿ ಬೆಳಕಿನ ಮಟ್ಟ 0ಯಿಂದ 255ರವರೆಗೆ. ಬಲ ತುದಿಗೆ ಗುಡ್ಡೆ ಬಂದು ಒತ್ತಿಕೊಂಡಿದ್ದರೆ ಅಲ್ಲಿ ಬಿಳುಪು ಬಿಟ್ಟು ಬೇರೇನೂ ದಾಖಲಾಗಿಲ್ಲ. ಬಿಳಿ ಬಟ್ಟೆಯ ಮಡಿಕೆ ಹೋಯಿತು ಅಂದರೆ ಹೋಯಿತು, ಎಡಿಟಿಂಗ್‌ನಲ್ಲಿ ಎಷ್ಟು ಎಳೆದರೂ ಬೂದು ಬಣ್ಣದ ತೇಪೆ ಬರುತ್ತದೆ ಅಷ್ಟೇ. ಕತ್ತಲೆಯ ಭಾಗವನ್ನಾದರೆ ಸ್ವಲ್ಪ ಮೇಲೆತ್ತಬಹುದು, ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ರಾ ಫೈಲ್ ಇದ್ದರೆ ಇನ್ನೂ ಚೆನ್ನಾಗಿ ಬರುತ್ತದೆ. ನಾಯ್ಸ್ ಅನ್ನುವ ಮರಳಿನಂಥ ಕಾಳುಕಾಳು ಮಾತ್ರ ಜೊತೆಗೆ ಬರುತ್ತದೆ. ಹಾಗಂತ ಬಿಳುಪಿನಲ್ಲಿ ವಿವರ ಹೋದದ್ದೆಲ್ಲ ತಪ್ಪು ಅಂತ ಹೇಳಬೇಡಿ. ನೀರಿನ ಮೇಲಿನ ಬಿಸಿಲಿನ ಮಿಂಚು, ಉರಿಯುವ ಬಲ್ಬು, ಇವುಗಳಲ್ಲಿ ವಿವರ ಯಾರಿಗೆ ಬೇಕು? ಕೇಳಬೇಕಾದದ್ದು, ಹೋದ ವಿವರ ಈ ಫೋಟೋಗೆ ಬೇಕಾಗಿತ್ತಾ ಅಂತ.

ಆಮೇಲೆ "ಕತ್ತಲಾಗಿದೆ" ಅನ್ನುವುದರ ಬದಲು ಎಲ್ಲಿ, ಎಷ್ಟು ಅಂತ ಹೇಳಿ. ಎಷ್ಟು ಅಂತ ಹೇಳಲು ನಮಗೆ ಸ್ಟಾಪ್ ಅನ್ನುವ ಅಳತೆ ಇದೆ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು, ಇಲ್ಲವೇ ಅರ್ಧ. "ಮುಖಕ್ಕೆ ಇನ್ನೊಂದು ಸ್ಟಾಪ್ ಬೇಕಿತ್ತು" ಅಂದರೆ ಅದು ಡಯಲ್‌ನಲ್ಲಿ ತಿರುಗಿಸಬಹುದಾದ ಮಾತು. ಕೈ ಅಲುಗಿ ಮಸುಕಾಗಿದ್ದರೂ ಹೀಗೇ ಹೇಳಬಹುದು. ಶಟರ್ 1/30 ಸೆಕೆಂಡ್ ತೆರೆದು, ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಐಎಸ್‌ಒ 400 ಇಟ್ಟು ತೆಗೆದಿದ್ದಾರೆ ಅಂದುಕೊಳ್ಳಿ. ಐಎಸ್‌ಒ 1600ಕ್ಕೆ ಏರಿಸಿದ್ದರೆ ಎರಡು ಸ್ಟಾಪ್ ಸಿಗುತ್ತಿತ್ತು, 1/125ರಲ್ಲಿ ತೆಗೆಯಬಹುದಿತ್ತು. ಫೋಟೋದ ಹೊಳಪು ಅಷ್ಟೇ ಇರುತ್ತಿತ್ತು, ಅಲುಗಾಟ ಕಮ್ಮಿ. ಸ್ವಲ್ಪ ನಾಯ್ಸ್ ಬರುತ್ತದೆ, ಅದನ್ನೂ ಹೇಳಿಬಿಡಿ. ಒಂದನ್ನು ಪಡೆಯಲು ಏನನ್ನು ಬಿಡಬೇಕು ಅಂತ ಹೇಳದ ಸಲಹೆ ಅರ್ಧ ಸಲಹೆ.

ಕಾರಣವನ್ನೂ ಜೊತೆಗೆ ಕೊಡಿ. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್‌ಗೆ ಎದುರಿಗಿರುವುದು ಏನು ಅಂತ ಪೂರ್ತಿ ತಿಳಿಯುವುದಿಲ್ಲ. ಎಲ್ಲ ಸೇರಿ ಸರಾಸರಿ ನಡು ಬೂದು ಬಣ್ಣಕ್ಕೆ ಬರಬೇಕು ಅಂತ ಅದರ ಲೆಕ್ಕ. ಅದಕ್ಕೇ ಹಿಮ ಬೂದಾಗುತ್ತದೆ, ಕಪ್ಪು ಬೆಕ್ಕೂ ಬೂದಾಗುತ್ತದೆ. ನಮ್ಮ ಈ ಫೋಟೋದಲ್ಲಿ ಆದದ್ದೂ ಅದೇ. ಚೌಕಟ್ಟಿನ ಮೂರನೇ ಒಂದು ಭಾಗ ಹೊಳೆಯುವ ಕಿಟಕಿ. ಮೀಟರ್ ಅದನ್ನು ನೋಡಿ ಬೆಳಕು ಜಾಸ್ತಿ ಇದೆ ಅಂದುಕೊಂಡು ಎಲ್ಲವನ್ನೂ ಇಳಿಸಿತು. ತಾತನ ಮುಖ, ಕೈ ಎಲ್ಲ ಕತ್ತಲಿಗೆ ಹೋದವು. ಇದನ್ನು ಒಂದು ಸಲ ವಿವರಿಸಿದರೆ ಅವರಿಗೆ ಮುಂದೆ ಸಾವಿರ ಫೋಟೋಗೆ ಆಗುತ್ತದೆ.

ಕತ್ತಲೆ ಬೇಕಂತಲೇ ಇಟ್ಟದ್ದಾದರೆ ಅದನ್ನು ಗೌರವಿಸಿ. ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಎಂಬ ಊರಿನ ಮೇಲೆ ಚಂದ್ರ ಏರುತ್ತಿರುವ ಫೋಟೋ ತೆಗೆದರು. ಅವಸರದಲ್ಲಿ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟು ಅಂತ ಅವರಿಗೆ ಗೊತ್ತಿತ್ತು, ಅದರಿಂದಲೇ ಎಕ್ಸ್‌ಪೋಶರ್ ಲೆಕ್ಕ ಹಾಕಿದರು. ಎರಡನೆಯದು ತೆಗೆಯುವಷ್ಟರಲ್ಲಿ ಸ್ಮಶಾನದ ಶಿಲುಬೆಗಳ ಮೇಲಿದ್ದ ಬಿಸಿಲು ಹೋಗಿಬಿಟ್ಟಿತ್ತು. ಮುಂದೆ ಹಲವು ವರ್ಷ ಅದೇ ನೆಗೆಟಿವ್ ಪ್ರಿಂಟ್ ಮಾಡುತ್ತಾ ಆಕಾಶವನ್ನು ಹೆಚ್ಚು ಹೆಚ್ಚು ಕಪ್ಪು ಮಾಡುತ್ತಾ ಹೋದರು. ಮೊದಲ ಪ್ರಿಂಟ್‌ಗಳಲ್ಲಿ ಮೋಡಗಳ ತೆಳು ಪದರ ಕಾಣುತ್ತದೆ, ಆಮೇಲಿನವುಗಳಲ್ಲಿ ಆಕಾಶ ಹೆಚ್ಚುಕಮ್ಮಿ ಕಪ್ಪು. ಇವುಗಳಲ್ಲಿ ಸರಿಯಾದ ಎಕ್ಸ್‌ಪೋಶರ್ ಯಾವುದು ಅಂತ ನಾವು ಹೇಗೆ ಹೇಳೋಣ? ಅವರಿಗೆ ಯಾವ ಆಕಾಶ ಬೇಕಾಗಿತ್ತು ಅಂತ ಕೇಳಬಹುದು ಅಷ್ಟೇ.

ಹೇಳುವ ರೀತಿಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಫೋಟೋ ಬಗ್ಗೆ ಮಾತಾಡಿ, ಮನುಷ್ಯನ ಬಗ್ಗೆ ಬೇಡ. ಒಂದು ಸಲಕ್ಕೆ ಒಂದೇ ವಿಷಯ ಸಾಕು, ಹೆಚ್ಚೆಂದರೆ ಎರಡು. ಏಳು ತಪ್ಪು ಕಂಡರೂ ಏಳನ್ನೂ ಹೇಳಬೇಡಿ, ಯಾವುದನ್ನು ತಿದ್ದಿದರೆ ಉಳಿದವು ತಾವಾಗಿ ಸರಿಯಾಗುತ್ತವೋ ಅದನ್ನು ಆರಿಸಿ. ಅದನ್ನು ಆರಿಸುವುದೇ ಕಷ್ಟದ ಕೆಲಸ. ಹೊಗಳುವುದಿದ್ದರೂ ಜಾಗ ತೋರಿಸಿ ಹೊಗಳಿ. "ಆ ಮಗು ಕಾಲೆತ್ತುವವರೆಗೂ ಕಾದಿರಿ, ಎರಡು ನೆರಳುಗಳ ನಡುವೆ ಬೆಳಕಿನ ಗೆರೆ ಉಳಿಯಿತು" ಅಂದರೆ ಅವರು ಮುಂದಿನ ಸಲವೂ ಕಾಯುತ್ತಾರೆ.

(ಒಬ್ಬರು ಕೇಳಿದರು: "ಸರ್, ಕೇಳದೇ ಇದ್ದರೂ ತಪ್ಪು ಹೇಳಬಹುದಾ?")

ಬೇಡ. ಯಾರೋ ತೀರಿಹೋದ ಅಮ್ಮನ ಫೋಟೋ ತೋರಿಸುತ್ತಾರೆ. ಹಣೆಯ ಮೇಲಿನ ಹೊಳಪಿನಲ್ಲಿ ವಿವರ ಹೋಗಿದೆ ಅಂತ ನಮಗೆ ಕಾಣಬಹುದು. ಅವರು ತೋರಿಸಿದ್ದು ಅಮ್ಮನನ್ನು. "ಅಭಿಪ್ರಾಯ ಬೇಕಾ, ಸುಮ್ನೆ ನೋಡಲಾ?" ಅಂತ ಒಂದು ಮಾತು ಕೇಳಿ. ಇನ್ನು ನೀವೇ ಅಭಿಪ್ರಾಯ ಕೇಳುವವರಾದರೆ "ಹೇಗಿದೆ" ಅನ್ನಬೇಡಿ. "ಕೈ ಕಾಣುತ್ತಾ? ಕಿಟಕಿ ಅಡ್ಡ ಬರುತ್ತಾ?" ಅಂತ ಕೇಳಿ. ಸಿಗುವ ಉತ್ತರವೇ ಬೇರೆ.

ಸರಿ, ತಾತನ ಫೋಟೋಗೆ ವಾಪಸ್ ಬರೋಣ. ಈಗ ನಮಗೆ ಗೊತ್ತು, ಬೇಕಾದದ್ದು ಕೈ ಮತ್ತು ಭೂತಗನ್ನಡಿ. ಒಂದೇ ಸಲಹೆ ಕೊಡಿ ಅಂದರೆ ಏನು ಹೇಳುತ್ತೀರಿ?

("ಕಿಟಕಿಯನ್ನು ಎಡಿಟಿಂಗ್‌ನಲ್ಲಿ ಇಳಿಸಬೇಕು," "ಫ್ಲ್ಯಾಶ್ ಹಾಕಬೇಕಿತ್ತು" ಎಂಬ ಮಾತುಗಳು ಬಂದವು. ಕೊನೆಗೆ ಒಬ್ಬರು, "ಜಾಗ ಬದಲಿಸಬೇಕು. ಕಿಟಕಿಯ ಹತ್ತಿರ ಹೋಗಿ, ಅದನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲಬೇಕು" ಎಂದರು.)

ನನಗೂ ಅದೇ ಅನಿಸುತ್ತದೆ. ಪೂರ್ತಿ ಬೆನ್ನಿಗೆ ಬೇಡ, ಕಿಟಕಿ ನಿಮ್ಮ ಭುಜದ ಪಕ್ಕಕ್ಕೆ ಬರಲಿ. ಆ ಮೂರು ಹೆಜ್ಜೆಯಲ್ಲಿ ಏನೇನಾಗುತ್ತದೆ ನೋಡಿ. ಕಿಟಕಿ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. ಬಕೆಟ್ಟೂ ಹೋಗುತ್ತದೆ. ಹೊಳಪು ಹೋದ ಮೇಲೆ ಮೀಟರ್ ಮೋಸಹೋಗುವುದಿಲ್ಲ, ಕೈಗೆ ಬೇಕಾದ ಬೆಳಕು ತಾನಾಗಿ ಸಿಗುತ್ತದೆ. ಬೆಳಕು ಪಕ್ಕದಿಂದ ಬೀಳುವುದರಿಂದ ಚರ್ಮದ ಸುಕ್ಕು, ನರ ಎಲ್ಲ ಎದ್ದು ಕಾಣುತ್ತವೆ. ಮಡಿಲಿನ ಪೇಪರ್ ಬಿಳಿ ಅಲ್ವಾ, ಅದು ಕಿಟಕಿಯ ಬೆಳಕನ್ನು ಹಿಡಿದು ಗದ್ದದ ಕೆಳಗೆ ವಾಪಸ್ ಚೆಲ್ಲುತ್ತದೆ. ಡಯಲ್ ಮುಟ್ಟಲೇ ಇಲ್ಲ.

(ಆಗ ಫೋಟೋ ತೆಗೆದವರು ಕೈ ಎತ್ತಿದರು. ಅವತ್ತು ಆ ಕಡೆಯಿಂದಲೂ ಒಂದು ತೆಗೆದಿದ್ದರಂತೆ. ಕೈ ಸ್ವಲ್ಪ ಮಸುಕಾಗಿದೆ ಅಂತ ಯಾರಿಗೂ ತೋರಿಸಿರಲಿಲ್ಲ. ಮೊಬೈಲ್‌ನಿಂದ ಪರದೆಗೆ ಹಾಕಿದರು. ಪೇಪರ್‌ನ ಮೇಲೆ ಭೂತಗನ್ನಡಿ, ಅದರೊಳಗೆ ದೊಡ್ಡದಾದ ಎರಡು ಅಕ್ಷರ, ಅದನ್ನು ಹಿಡಿದ ಬೆರಳುಗಳು. ನಡುಗಿದ ಬೆರಳುಗಳಷ್ಟೇ ಮಸುಕು, ಪೇಪರ್ ಸ್ಪಷ್ಟ. ಇಪ್ಪತ್ತು ಸೆಕೆಂಡ್ ಕಾಯಿರಿ ಅಂತ ಈ ಸಲ ನಾನು ಹೇಳಬೇಕಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಸಾಲಿನ ಒಬ್ಬರು ಅವರ ಕಡೆಗೇ ತಿರುಗಿ ಕೇಳಿದರು: "ಶಟರ್ ಎಷ್ಟಿತ್ತು?")